ಪ್ರಯೋಗಕ್ಕೆ ಕೈ ಬೇಕು, ಪ್ರಶ್ನೆಗೆ ಕನ್ನಡ ಬೇಕು

(ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಿವೃತ್ತ ವಿಜ್ಞಾನ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ. ಇತರ ಗಡಿಭಾಗಗಳ ಹೆತ್ತವರಿಗೂ ಪ್ರಯೋಜನವಾಗಲೆಂದು ಪ್ರಕಟಿಸುತ್ತಿದ್ದೇವೆ.)



ಇಂದು ಕೆಲಸದ ದಿನ. ನಿಮ್ಮಲ್ಲಿ ಕೆಲವರು ತೋಟದ ಕೆಲಸ ಬಿಟ್ಟು, ಕೆಲವರು ಅಂಗಡಿಗೆ ಬಾಗಿಲು ಹಾಕಿ, ಕೆಲವರು ಬೀಡಿಯ ಸೂಪನ್ನು ಬದಿಗಿಟ್ಟು ಬಂದಿದ್ದೀರಿ. ಆದ್ದರಿಂದ ದೀರ್ಘ ಪೀಠಿಕೆ ಹಾಕುವುದಿಲ್ಲ. ಮಕ್ಕಳಿಗೆ ವಿಜ್ಞಾನವನ್ನು ಪ್ರಯೋಗದ ಮೂಲಕ ಕಲಿಸುವುದು ಎಂಬುದು ನನಗೆ ಕೊಟ್ಟಿರುವ ವಿಷಯ. ಇದು ಅಧ್ಯಾಪಕರಿಗೆ ಹೇಳಬೇಕಾದ ಮಾತಲ್ಲವೇ, ನಮಗೇಕೆ ಎಂದು ನಿಮಗೆ ಅನಿಸಬಹುದು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಗಡಿನಾಡಿನ ಕನ್ನಡ ತರಗತಿಗಳಲ್ಲಿ ವಿಜ್ಞಾನ ಕಲಿಸಿದವನು. ಪ್ರತಿವರ್ಷ ಮೇ ತಿಂಗಳಲ್ಲಿ ಟಿ.ಸಿ. ಕೇಳಿಕೊಂಡು ಕೆಲವು ಹೆತ್ತವರು ಬರುತ್ತಿದ್ದರು. ಅವರಲ್ಲಿ ಕನ್ನಡದ ಬಗ್ಗೆ ತಾತ್ಸಾರ ಇದ್ದವರು ಬಹಳ ಕಡಿಮೆ. ಹೆಚ್ಚಿನವರು ಸಂಕೋಚದಿಂದಲೇ ಹೇಳುತ್ತಿದ್ದುದು ಒಂದು ಮಾತು: "ಕನ್ನಡ ಬೇಡ ಅಂತ ಅಲ್ಲ ಮಾಷ್ಟ್ರೇ. ಬೇರೆಲ್ಲ ಕನ್ನಡದಲ್ಲಿ ಕಲಿತರೂ ಆಗ್ತದೆ. ಸಯನ್ಸ್ ಮಾತ್ರ ಇಂಗ್ಲಿಷಿನಲ್ಲೇ ಆಗ್ಬೇಕಲ್ಲ."

ಹೀಗೆ ನಾಲ್ಕು ಮಕ್ಕಳು ಹೋದರೆ ತರಗತಿಯ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಡಿವಿಜನ್ ಬೀಳುತ್ತದೆ. ಡಿವಿಜನ್ ಬಿದ್ದರೆ ಒಬ್ಬ ಕನ್ನಡ ಅಧ್ಯಾಪಕರ ಹುದ್ದೆ ಹೋಗುತ್ತದೆ. ಹುದ್ದೆ ಹೋದ ಶಾಲೆಗೆ ಮುಂದಿನ ವರ್ಷ ಇನ್ನೂ ಕಡಿಮೆ ಮಕ್ಕಳು ಬರುತ್ತಾರೆ. ಕನ್ನಡ ಶಾಲೆಯಿಂದ ಮಕ್ಕಳು ಹೊರಗೆ ಹೋಗುವ ದೊಡ್ಡ ಬಾಗಿಲು ವಿಜ್ಞಾನದ ತರಗತಿ ಎಂಬುದು ನನ್ನ ಅನುಭವ. ಆ ಬಾಗಿಲಲ್ಲಿ ನಿಂತಿರುವವರು ನೀವು. ಆದ್ದರಿಂದ ಈ ಮಾತು ನಿಮಗೇ ಹೇಳಬೇಕಾದದ್ದು.

ಈಗ ನನ್ನ ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಅದರಲ್ಲಿ ಸೋತವನು ನಾನೇ.

ನೀವೂ ಶಾಲೆಯಲ್ಲಿ ನೋಡಿರಬಹುದಾದ ಪ್ರಯೋಗ ಅದು. ಒಂದು ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದ ಬತ್ತಿ ನಿಲ್ಲಿಸಿ ಹೊತ್ತಿಸುವುದು. ಅದರ ಮೇಲೆ ಗಾಜಿನ ಲೋಟವನ್ನು ಕವುಚಿ ಹಾಕುವುದು. ಸ್ವಲ್ಪ ಹೊತ್ತಿನಲ್ಲಿ ದೀಪ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕ ಇದೆ, ಅದು ಉರಿದು ಮುಗಿಯಿತು, ಆ ಜಾಗಕ್ಕೆ ನೀರು ಬಂತು ಎಂದು ವಿವರಣೆ. ನಾನು ಕಲಿಯುವಾಗಲೂ ಹೀಗೆಯೇ ಹೇಳಿಕೊಟ್ಟಿದ್ದರು. ನಾನೂ ವರ್ಷವರ್ಷವೂ ಹಾಗೆಯೇ ಹೇಳಿಕೊಟ್ಟೆ. ಮೇಜಿನ ಮೇಲೆ ನಾನು ಮಾಡುವುದು, ಮಕ್ಕಳು ದೂರದಿಂದ ನೋಡುವುದು, ಬಳಿಕ ಬರೆದುಕೊಳ್ಳುವುದು ವಾಡಿಕೆ.

ಒಂದು ವರ್ಷ ಮಕ್ಕಳ ಕೈಯಲ್ಲೇ ಮಾಡಿಸೋಣ ಎಂದು ಮನಸ್ಸಾಯಿತು. ಮನೆಯಿಂದ ತಟ್ಟೆ, ಲೋಟ, ಬತ್ತಿ ತರಲು ಹೇಳಿದೆ. ಐದೈದು ಮಂದಿಯ ಗುಂಪು ಮಾಡಿದೆ. ಅವರು ಮಾಡುತ್ತಿದ್ದಂತೆ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ಕೇಳಿದಳು: "ಮಾಷ್ಟ್ರೇ, ದೀಪ ಉರಿಯುವಾಗ ನೀರು ಸರಿಯಾಗಿ ಏರ್ಲೇ ಇಲ್ಲ. ನಂದಿದ ಮೇಲೆ ಒಮ್ಮೆಲೇ ಏರಿದ್ದು. ಆಮ್ಲಜನಕ ಮುಗಿಯುತ್ತಾ ಬರುವುದಾದರೆ ನೀರೂ ಸ್ವಲ್ಪ ಸ್ವಲ್ಪ ಏರ್ತಾ ಬರ್ಬೇಕಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. ಅಷ್ಟರಲ್ಲಿ ಇನ್ನೊಂದು ಗುಂಪಿನವರು ತುಂಟತನಕ್ಕೆ ಮೂರು ಬತ್ತಿ ಒಟ್ಟಿಗೆ ಇಟ್ಟಿದ್ದರು. ಅವರ ಲೋಟದಲ್ಲಿ ನೀರು ಇನ್ನೂ ಮೇಲೆ ಹೋಯಿತು. ಲೋಟ ಒಂದೇ ಅಳತೆಯದು, ಒಳಗಿನ ಗಾಳಿಯೂ ಅಷ್ಟೇ. ಆಮ್ಲಜನಕ ಐದನೆಯ ಒಂದು ಪಾಲು ಎಂದಾದರೆ, ಬತ್ತಿ ಹೆಚ್ಚಾದ ಮಾತ್ರಕ್ಕೆ ನೀರು ಹೆಚ್ಚು ಏರುವುದು ಹೇಗೆ?

ಆ ದಿನ ರಾತ್ರಿ ಮನೆಯಲ್ಲಿ ನಾನೂ ಬತ್ತಿ ಹೊತ್ತಿಸಿ ಕುಳಿತೆ. ಹುಡುಗಿ ಹೇಳಿದ್ದು ಸರಿಯಾಗಿತ್ತು. ಉರಿಯುವ ಬತ್ತಿ ತನ್ನ ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಲೋಟ ಕವುಚುವಾಗಲೇ ಒಂದಷ್ಟು ಗಾಳಿ ಹೊರಗೆ ಹೋಗಿರುತ್ತದೆ. ಗಮನವಿಟ್ಟು ನೋಡಿದರೆ ಲೋಟದ ಅಂಚಿನಿಂದ ಗುಳ್ಳೆ ಏಳುವುದೂ ಕಾಣುತ್ತದೆ. ದೀಪ ಆರಿದ ಮೇಲೆ ಒಳಗೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ನೀರು ಒಳಗೆ ನುಗ್ಗುತ್ತದೆ. ಬತ್ತಿ ಮೂರಾದರೆ ಬಿಸಿ ಹೆಚ್ಚು, ಹೊರಗೆ ಹೋಗುವ ಗಾಳಿಯೂ ಹೆಚ್ಚು. ಆಮ್ಲಜನಕವೋ, ದೀಪ ಆರುವಾಗ ಪೂರ್ತಿ ಮುಗಿದಿರುವುದೇ ಇಲ್ಲ, ಅದರ ಹೆಚ್ಚಿನ ಪಾಲು ಒಳಗೇ ಇರುತ್ತದೆ. ಅಷ್ಟು ವರ್ಷ ನಾನು ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೆ.

ಮರುದಿನ ತರಗತಿಯಲ್ಲಿ ಅದನ್ನು ಒಪ್ಪಿಕೊಂಡೆ. ಐದನೆಯ ಒಂದು ಪಾಲು ಎಂಬುದನ್ನು ಬೇರೆ ರೀತಿಯಲ್ಲಿ ನೋಡಿದೆವು. ಕಬ್ಬಿಣವನ್ನು ಅರದಿಂದ ಉಜ್ಜುವಾಗ ಉದುರುವ ಪುಡಿಯನ್ನು ವರ್ಕ್‌ಶಾಪಿನಿಂದ ತಂದು, ಒದ್ದೆ ಮಾಡಿದ ಉದ್ದನೆಯ ಬಾಟ್ಲಿಯ ಒಳಗೆ ಅಂಟಿಸಿ, ಬಾಟ್ಲಿಯನ್ನು ನೀರಿನಲ್ಲಿ ಕವುಚಿ ಇಟ್ಟೆವು. ಇಲ್ಲಿ ಬೆಂಕಿ ಇಲ್ಲ, ಬಿಸಿ ಇಲ್ಲ. ಕಬ್ಬಿಣ ನಿಧಾನವಾಗಿ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಹೀರುತ್ತದೆ. ದಿನಗಳು ಕಳೆದಂತೆ ನೀರು ಏರಿ, ಐದನೆಯ ಒಂದು ಪಾಲಿನ ಹತ್ತಿರ ನಿಂತುಬಿಟ್ಟಿತು. ಮಕ್ಕಳು ಪ್ರತಿದಿನ ಬಂದು ಗುರುತು ಹಾಕುತ್ತಿದ್ದರು. ಆ ಪಾಠವನ್ನು ಅವರು ಮರೆತಿರಲಾರರು.

ಈ ಸಂಗತಿಯಿಂದ ನಾನು ಕಲಿತದ್ದು ಎರಡು. ಒಂದು, ಪ್ರಯೋಗ ಎಂದರೆ ಅಧ್ಯಾಪಕರು ಮಾಡಿ ತೋರಿಸುವ ಆಟವಲ್ಲ. ಮಗುವಿನ ಕೈ ತಾಗದ ಪ್ರಯೋಗದಿಂದ ಪ್ರಶ್ನೆ ಹುಟ್ಟುವುದು ಅಪರೂಪ. ಎರಡು, ಆ ಹುಡುಗಿ ಅಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ಕೇಳಲು ಸಾಧ್ಯವಾದದ್ದು ತನ್ನ ಮಾತಿನಲ್ಲಿ ಕೇಳುವ ಅವಕಾಶ ಇದ್ದುದರಿಂದ. "ಏರ್ತಾ ಬರ್ಬೇಕಲ್ಲ" ಎಂಬ ಒಂದು ಮಾತಿನಲ್ಲಿ ಎಷ್ಟು ತರ್ಕ ಇದೆ ನೋಡಿ. ಪ್ರಯೋಗ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಭಾಷೆ ಏಕೆ ಎಂದು ಕೆಲವರು ವಾದಿಸುತ್ತಾರೆ. ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗಲೂ ಇದೇ ಸಮಜಾಯಿಷಿ ಕೇಳಿದ್ದೇನೆ. ಕಣ್ಣಿಗೆ ಕಂಡದ್ದು ಇನ್ನೂ ವಿಜ್ಞಾನವಾಗಿಲ್ಲ. ಕಂಡದ್ದರ ಬಗ್ಗೆ "ಹಾಗಾದರೆ ಹೀಗೇಕೆ" ಎಂದು ಕೇಳಿದಾಗ ವಿಜ್ಞಾನ ಆರಂಭವಾಗುತ್ತದೆ. ಆ ಪ್ರಶ್ನೆ ಮಗುವಿನ ಬಾಯಿಗೆ ಬರುವುದು ಅದು ಮನಸ್ಸಿನಲ್ಲಿ ಯೋಚಿಸುವ ಮಾತಿನಲ್ಲಿ. ಅಧ್ಯಾಪಕರಿಗೆ ಆ ಮಾತು ತಿಳಿಯದಿದ್ದರೆ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ.

ಸಂಗತಿ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಜೂನ್ ತಿಂಗಳಲ್ಲಿ ಆ ಹುಡುಗಿಯನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರು. ಆಕೆಯ ತಂದೆಯನ್ನು ನಾನು ದೂರುವುದಿಲ್ಲ. ನಮ್ಮ ಶಾಲೆಯ ಪ್ರಯೋಗಶಾಲೆಗೆ ಆಗ ವರ್ಷದ ಹೆಚ್ಚಿನ ದಿನ ಬೀಗ ಇರುತ್ತಿತ್ತು. ಕಪಾಟಿನ ಗಾಜಿನ ಸಾಮಾನು ಒಡೆದರೆ ಲೆಕ್ಕ ಕೊಡಬೇಕಲ್ಲ ಎಂಬ ಹೆದರಿಕೆ ನಮಗೆಲ್ಲ ಇತ್ತು. ಸೂಕ್ಷ್ಮದರ್ಶಕ ಬಟ್ಟೆ ಹೊದ್ದು ಕುಳಿತಿತ್ತು. ಆ ತಂದೆ ಶಾಲೆಗೆ ಬಂದಾಗ ನೋಡಿದ್ದು ಆ ಬೀಗವನ್ನು. ತನ್ನ ಮಗಳು ಕೇಳಿದ ಪ್ರಶ್ನೆಯನ್ನು ಅವರು ನೋಡಿರಲಿಲ್ಲ, ನಾವು ಅವರಿಗೆ ಹೇಳಿಯೂ ಇರಲಿಲ್ಲ. ತಪ್ಪು ನಮ್ಮದು.

ಒಂದು ವರ್ಷ ಕಳೆದು ಆ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. "ಅಲ್ಲಿ ಪ್ರಯೋಗ ಮಾಡಿಸ್ತಾರಾ?" ಎಂದು ಕೇಳಿದೆ. "ಲ್ಯಾಬ್ ದೊಡ್ಡದುಂಟು ಮಾಷ್ಟ್ರೇ" ಅಂದಳು. "ಹಾಗಾದರೆ ಪ್ರಶ್ನೆ ಕೇಳ್ತೀಯೋ ಇಲ್ಲವೋ?" ಎಂದೆ. ನಕ್ಕು ಹೇಳಿದಳು: "ಕೇಳ್ಬೇಕಾದರೆ ಮೊದಲು ಮನಸ್ಸಲ್ಲೇ ಇಂಗ್ಲಿಷ್ ಮಾಡ್ಬೇಕು. ಅಷ್ಟರಲ್ಲಿ ಪಾಠ ಮುಂದೆ ಹೋಗಿರ್ತದೆ."

ಹೆತ್ತವರೇ, ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಒಂದು ಕಡೆ ಪ್ರಶ್ನೆ ಕೇಳುವ ಮಾತು ಇದೆ, ಪ್ರಯೋಗಕ್ಕೆ ಬೀಗ ಬಿದ್ದಿದೆ. ಇನ್ನೊಂದು ಕಡೆ ಪ್ರಯೋಗಶಾಲೆ ಇದೆ, ಕೇಳುವ ಮಾತು ಇಲ್ಲ. ಈ ಎರಡೂ ಒಂದೇ ಕಡೆ ಇರುವ ಶಾಲೆ ನಮ್ಮ ಮಕ್ಕಳಿಗೆ ಬೇಕು. ಅದನ್ನು ಕನ್ನಡ ಶಾಲೆಯಲ್ಲಿ ಮಾಡುವುದೇ ಸುಲಭ. ಬೀಗ ತೆಗೆಯುವುದು ಭಾಷೆ ಬದಲಿಸುವುದಕ್ಕಿಂತ ಎಷ್ಟೋ ಹಗುರದ ಕೆಲಸ.

ನಮ್ಮಂಥ ಬಡ ಶಾಲೆಗಳಲ್ಲಿ ಇದೆಲ್ಲ ನಡೆಯುವ ಮಾತೇ ಎಂದು ನೀವು ಕೇಳಬಹುದು. ನಡೆದದ್ದುಂಟು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಹಳ್ಳಿ ಶಾಲೆಗಳಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಸರಕಾರದ ಒಪ್ಪಿಗೆ ಪಡೆದು ಇದನ್ನು ನಡೆಸಿದವು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಮುಂದುವರಿಸಿತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ಗುಂಪುಗಳಲ್ಲಿ ಕುಳಿತು ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಚರ್ಚಿಸಿ ಪಾಠ ಕಲಿಯುತ್ತಿದ್ದರು. ದುಬಾರಿ ಉಪಕರಣಗಳ ಬದಲು ಕಡಿಮೆ ಬೆಲೆಯ ಸಾಮಾನಿನ ಕಿಟ್ ಇರುತ್ತಿತ್ತು. 'ಬಾಲ ವೈಜ್ಞಾನಿಕ' ಎಂಬ ಪುಸ್ತಕವನ್ನು ಮಕ್ಕಳಿಗೆ ತಿಳಿಯುವ ಸರಳ ಹಿಂದಿಯಲ್ಲಿ ಬರೆದಿದ್ದರು. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು. ಪ್ರಯೋಗದ ಪರೀಕ್ಷೆಯೂ ಇತ್ತು. ಅರವಿಂದ ಗುಪ್ತ ಎಂಬ ಎಂಜಿನಿಯರ್ 1978ರಲ್ಲಿ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ಅಲ್ಲಿಗೆ ಬಂದು, ಬೆಂಕಿಕಡ್ಡಿ ಮತ್ತು ಸೈಕಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಕಟ್ಟುವ ಆಟಿಕೆಯನ್ನು ಕಂಡುಹಿಡಿದರು. ಇಂದು ದೇಶದ ನಾನಾ ಭಾಷೆಗಳ ಮಕ್ಕಳು ಅದನ್ನು ಮಾಡುತ್ತಾರೆ.

ಮೂವತ್ತು ವರ್ಷಗಳಲ್ಲಿ ಆ ಕಾರ್ಯಕ್ರಮ ಸುಮಾರು ಸಾವಿರ ಶಾಲೆಗಳಿಗೆ ಹಬ್ಬಿತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಇದರಲ್ಲಿ ನಮಗೆ ಎರಡು ಪಾಠ ಇವೆ. ಹಳ್ಳಿಯ ಸಾಮಾನ್ಯ ಶಾಲೆಯಲ್ಲಿ, ಮಕ್ಕಳ ಮಾತಿನಲ್ಲಿ, ಕಡಿಮೆ ಖರ್ಚಿನಲ್ಲಿ ಇಂಥ ಕಲಿಕೆ ಸಾಧ್ಯ. ಆದರೆ ಎಷ್ಟೇ ಒಳ್ಳೆಯದಾದರೂ ಒಂದು ಆದೇಶದಿಂದ ಅದು ನಿಂತುಹೋಗಬಹುದು. ಗಡಿನಾಡಿನ ನಮಗಂತೂ ಈ ಎರಡನೆಯ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ಮನೆಯಲ್ಲೇ ಮಾಡಿಸಬಹುದಾದ ಕೆಲವು ಪ್ರಯೋಗ ಹೇಳುತ್ತೇನೆ. ಪಾಠಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ ಎಂಬ ಶಬ್ದ ಬರುತ್ತದೆ. ಮಗು ಬಾಯಿಪಾಠ ಮಾಡುತ್ತದೆ. ಇಂಗ್ಲಿಷಿನ ಶಬ್ದ ಹೇಗೋ, ಈ ಶಬ್ದವೂ ಮಗುವಿಗೆ ಹಾಗೆಯೇ, ಹೊರಗಿನದು. ನಮ್ಮ ಮಕ್ಕಳಲ್ಲಿ ಹಲವರು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡುವವರು ಎಂಬುದೂ ನೆನಪಿರಲಿ. ಪುಸ್ತಕದ ಕನ್ನಡವನ್ನು ಮನೆಯ ಮಾತಿಗೆ ಸೇರಿಸುವ ಸೇತುವೆಯೇ ಪ್ರಯೋಗ. ಅರಸಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಸವರಿ ಒಣಗಿಸಿ. ಅದರ ಮೇಲೆ ಸುಣ್ಣದ ನೀರನ್ನೋ ಸಾಬೂನಿನ ನೀರನ್ನೋ ಒಂದು ಹನಿ ಬಿಡಿ, ಕೆಂಪಾಗುತ್ತದೆ. ಆ ಕೆಂಪಿನ ಮೇಲೆ ಲಿಂಬೆಹುಳಿ ಬಿಡಿ, ಮತ್ತೆ ಹಳದಿಯಾಗುತ್ತದೆ. ಅಜ್ಜಿ ಅರಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದುದೂ ಇದೇ ವಿದ್ಯೆ. ದಾಸವಾಳದ ಹೂವನ್ನು ಬಿಸಿನೀರಿನಲ್ಲಿ ನೆನೆಸಿದ ಬಣ್ಣಕ್ಕೆ ಹುಳಿ ಬಿದ್ದರೆ ಗಾಢ ಗುಲಾಬಿ, ಸುಣ್ಣ ಬಿದ್ದರೆ ಹಸಿರು ಛಾಯೆ. ಹುಣಸೆ, ಮಜ್ಜಿಗೆ, ಬೂದಿಯ ನೀರು, ಅಡುಗೆ ಸೋಡಾ, ಉಪ್ಪುನೀರು ಒಂದೊಂದನ್ನೂ ಮಗುವೇ ನೋಡಿ ಪಟ್ಟಿ ಮಾಡಲಿ. ಯಾವುದು ಕೆಂಪಾದೀತು ಎಂದು ಮೊದಲೇ ಊಹಿಸಿ ಬರೆಯಲಿ, ಬಳಿಕ ಪರೀಕ್ಷಿಸಲಿ. ಊಹೆ ತಪ್ಪಿದರೆ ಗದರಬೇಡಿ. ಯಾಕೆ ತಪ್ಪಿತು ಎಂದು ಹುಡುಕುವಾಗಲೇ ಮಗು ಕಲಿಯುವುದು.

ಸೂಜಿ ಇಲ್ಲದ ಹೊಸ ಇಂಜೆಕ್ಷನ್ ಸಿರಿಂಜು ಎರಡು, ಒಂದು ದೊಡ್ಡದು, ಒಂದು ಚಿಕ್ಕದು, ಮೆಡಿಕಲ್ ಅಂಗಡಿಯಲ್ಲಿ ಕೊಳ್ಳಿರಿ. ನಡುವೆ ಒಂದು ತೆಳು ನಳಿಗೆ ಸಿಕ್ಕಿಸಿ, ಗಾಳಿ ಇಲ್ಲದಂತೆ ನೀರು ತುಂಬಿಸಿ. ಚಿಕ್ಕದನ್ನು ಒತ್ತಿದರೆ ದೊಡ್ಡದು ಭಾರ ಎತ್ತುತ್ತದೆ. ಆದರೆ ಸ್ವಲ್ಪವೇ ದೂರ ಚಲಿಸುತ್ತದೆ. ಊರಿನ ರಸ್ತೆಯಲ್ಲಿ ಮಣ್ಣು ಅಗೆಯುವ ಜೆ.ಸಿ.ಬಿ.ಯ ಕೈ ಹೇಗೆ ಏಳುತ್ತದೆ ಎಂಬುದು ಮಗುವಿಗೆ ಆಗ ತಾನಾಗಿಯೇ ಹೊಳೆಯುತ್ತದೆ.

ಇನ್ನೊಂದು ಪ್ರಯೋಗವನ್ನು ಗಡಿನಾಡಿನ ಎಲ್ಲ ಕನ್ನಡ ಶಾಲೆಗಳೂ ಸೇರಿ ಮಾಡಬಹುದು. ನೇರವಾದ ಒಂದು ಮೀಟರ್ ಕೋಲನ್ನು ಅಂಗಳದಲ್ಲಿ ಲಂಬವಾಗಿ ನಿಲ್ಲಿಸಿ ನಡು ಮಧ್ಯಾಹ್ನ ನೆರಳು ಅಳೆಯಿರಿ. ವರ್ಷದಲ್ಲಿ ಎರಡು ದಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಕಾಸರಗೋಡಿನಲ್ಲಿ ಏಪ್ರಿಲ್ 23ರ ಆಸುಪಾಸು. ತಾಳವಾಡಿಯಲ್ಲಿ ಒಂದೆರಡು ದಿನ ಮೊದಲು, ಹೊಸೂರಿನಲ್ಲಿ ಹೆಚ್ಚುಕಡಿಮೆ ನಮ್ಮ ದಿನವೇ. ಆದವಾನಿಯಲ್ಲಿ ಮೇ 3ರ ಸುಮಾರಿಗೆ, ಅಕ್ಕಲಕೋಟೆ, ಸೊಲ್ಲಾಪುರಗಳಲ್ಲಿ ಮೇ 10ರ ಸುಮಾರಿಗೆ. ಎರಡನೆಯ ದಿನ ಮಳೆಗಾಲದಲ್ಲಿ ಬರುವುದರಿಂದ ನಮಗೆ ಮೋಡದ ಅಡ್ಡಿ. ಇನ್ನೊಂದು ವಿಷಯ, ಕಾಸರಗೋಡಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12 ಗಂಟೆಗಲ್ಲ, ಆ ದಿನಗಳಲ್ಲಿ 12 ಗಂಟೆ 28 ನಿಮಿಷದ ಹೊತ್ತಿಗೆ. ಯಾಕೆಂದರೆ ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ.

ಕಾಸರಗೋಡಿನ ಕೋಲಿಗೆ ನೆರಳಿಲ್ಲದ ಆ ದಿನವೇ ಸೊಲ್ಲಾಪುರದ ಕನ್ನಡ ಶಾಲೆಯ ಮಗು ಒಂದು ಮೀಟರ್ ಕೋಲಿನ ಅತಿ ಚಿಕ್ಕ ನೆರಳನ್ನು ಅಳೆದರೆ, ಅದು ಸುಮಾರು 9 ಸೆಂಟಿಮೀಟರ್ ಇರುತ್ತದೆ. ಕೋಲು ಮತ್ತು ನೆರಳನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದು, ಕೋಲಿನ ತುದಿಯಲ್ಲಿ ಕೋನಮಾಪಕ ಇಟ್ಟರೆ ಕೋನ ಸುಮಾರು 5 ಡಿಗ್ರಿ. ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ, ಅಂದರೆ 5ರ 72 ಪಟ್ಟು. ಎರಡು ಊರುಗಳ ನಡುವೆ ತೆಂಕು-ಬಡಗಾಗಿ ಇರುವ ನೇರ ಅಂತರ ಸುಮಾರು 570 ಕಿಲೋಮೀಟರ್. 72ರಿಂದ ಗುಣಿಸಿದರೆ 41 ಸಾವಿರ ಕಿಲೋಮೀಟರ್ ಆಯಿತು. ಭೂಮಿಯ ನಿಜವಾದ ಸುತ್ತಳತೆ ಸುಮಾರು 40 ಸಾವಿರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಎಂಬ ವಿದ್ವಾಂಸ ಮಾಡಿದ ಲೆಕ್ಕ ಇದು. ಕಾಸರಗೋಡಿನ ಮಗು, ಸೊಲ್ಲಾಪುರದ ಮಗು ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿಕೊಂಡು ಎರಡು ಕೋಲಿನಿಂದ ಭೂಮಿಯನ್ನು ಅಳೆಯಬಹುದು. ಆಗ ಇಲ್ಲಿ ಬೇಸಗೆ ರಜೆ. ಆದ್ದರಿಂದ ಇದು ಹೆತ್ತವರೇ ನಿಂತು ಮಾಡಿಸಬೇಕಾದ ಪ್ರಯೋಗ.

ಒಂದೆರಡು ಎಚ್ಚರಿಕೆ. ಮಕ್ಕಳು ಸೂರ್ಯನನ್ನು ನೇರವಾಗಿ ನೋಡಬಾರದು, ನೆರಳನ್ನು ಮಾತ್ರ ನೋಡಬೇಕು. ವಿದ್ಯುತ್ತಿನ ಪ್ರಯೋಗಕ್ಕೆ ಟಾರ್ಚಿನ ಸೆಲ್ ಸಾಕು, ಮನೆಯ ಪ್ಲಗ್ಗಿನ ಹತ್ತಿರ ಹೋಗಬಾರದು. ಬೆಂಕಿ, ಸುಣ್ಣ ಇರುವಲ್ಲಿ ದೊಡ್ಡವರು ಪಕ್ಕದಲ್ಲಿರಬೇಕು, ಸುಣ್ಣ ಕಣ್ಣಿಗೆ ತಾಗಬಾರದು.

ನಿಮ್ಮ ಮನಸ್ಸಿನಲ್ಲಿರುವ ಇನ್ನೊಂದು ಪ್ರಶ್ನೆಯನ್ನು ನಾನು ತಪ್ಪಿಸಿಕೊಂಡು ಹೋಗುವುದಿಲ್ಲ. ಹತ್ತನೆಯ ತರಗತಿಯ ವರೆಗೆ ಕನ್ನಡ ಸರಿ, ಪ್ಲಸ್ ಟು ವಿಜ್ಞಾನ ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ, ಆಗ ಮಗು ಏನು ಮಾಡಬೇಕು? ಮೊದಲ ಕೆಲವು ತಿಂಗಳು ಕಷ್ಟವಾಗುವುದು ನಿಜ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಕಷ್ಟ ಎರಡು ಬಗೆ. ವಿಷಯ ತಿಳಿದಿದ್ದು ಶಬ್ದ ಗೊತ್ತಿಲ್ಲದಿರುವುದು ಒಂದು. ಶಬ್ದ ಗೊತ್ತಿದ್ದು ವಿಷಯ ತಿಳಿಯದಿರುವುದು ಇನ್ನೊಂದು. ಮೊದಲನೆಯದನ್ನು ಕೆಲವು ತಿಂಗಳಲ್ಲಿ ಸರಿಪಡಿಸಬಹುದು, ಎರಡನೆಯದನ್ನು ಸರಿಪಡಿಸುವುದು ಬಹಳ ಕಷ್ಟ. ಇದಕ್ಕೆ ಒಂದು ಉಪಾಯ ಇದೆ. ಎಂಟನೆಯ ತರಗತಿಯಿಂದಲೇ ಮಗುವಿನ ಪ್ರಯೋಗದ ಪುಸ್ತಕದಲ್ಲಿ ಕನ್ನಡ ಶಬ್ದದ ಪಕ್ಕದಲ್ಲಿ ಇಂಗ್ಲಿಷ್ ಶಬ್ದವನ್ನೂ ಬರೆಸಿರಿ. ಆಮ್ಲದ ಪಕ್ಕ ಆ್ಯಸಿಡ್, ಸಾಂದ್ರತೆಯ ಪಕ್ಕ ಡೆನ್ಸಿಟಿ. ದಿನಕ್ಕೆ ಎರಡು ಶಬ್ದ ಸಾಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಜ್ಞಾನ, ಗಣಿತಗಳಿಗೆ ದ್ವಿಭಾಷಾ ಪಾಠಪುಸ್ತಕ ಬೇಕು ಎಂದು ಹೇಳಿದೆ. ಇಂಗ್ಲಿಷನ್ನು ಚೆನ್ನಾಗಿ ಕಲಿಸಿ ಎಂದು ಶಾಲೆಯನ್ನು ಧಾರಾಳವಾಗಿ ಒತ್ತಾಯಿಸಿ. ಅದು ಕನ್ನಡಕ್ಕೆ ದ್ರೋಹವಲ್ಲ.

ಕೊನೆಯದಾಗಿ ಹಕ್ಕಿನ ಮಾತು. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕು ಎನ್ನುತ್ತದೆ. ಸಾಕಷ್ಟು ಸೌಲಭ್ಯ ಎಂದರೇನು? ನಾಲ್ಕು ಗೋಡೆ ಮತ್ತು ಒಂದು ಕನ್ನಡ ನಾಮಫಲಕವೇ? ಮಗುವಿನ ಪ್ರಶ್ನೆ ಅರ್ಥವಾಗುವ ಅಧ್ಯಾಪಕರು, ಮಗುವಿನ ಕೈಗೆ ಸಿಗುವ ಸಾಮಾನು, ಸಮಯಕ್ಕೆ ಬರುವ ಕನ್ನಡ ಪಾಠಪುಸ್ತಕ ಇವೆಲ್ಲ ಆ ಮಾತಿನೊಳಗೆ ಸೇರಿವೆ ಎಂಬುದು ನನ್ನ ವಾದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಇನ್ನೂ ಸ್ಪಷ್ಟವಾಗಿದೆ. ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕು ಎಂದು ಒಂದು ಸಾಲು. ಅದರ ಮರುಸಾಲಿನಲ್ಲೇ, ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎಂದು ಇದೆ. ಪ್ರಯೋಗ ಮತ್ತು ಮಾತೃಭಾಷೆ ಕಾಯ್ದೆಯಲ್ಲೂ ಅಕ್ಕಪಕ್ಕದಲ್ಲೇ ಕುಳಿತಿವೆ.

ಅದೇ ಕಾಯ್ದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು ಅಥವಾ ಪೋಷಕರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು ಆ ಸಮಿತಿಯ ಕೆಲಸ. ಯೋಜನೆಯಲ್ಲಿ ಬರೆಯದೆ ಇದ್ದುದಕ್ಕೆ ಹಣ ಕೇಳುವುದು ಕಷ್ಟ. ಈ ವರ್ಷದ ಯೋಜನೆಯಲ್ಲಿ ಗೋಡೆಗೆ ಬಣ್ಣ, ಗೇಟಿನ ಕಮಾನು ಇವುಗಳ ಜೊತೆಗೆ ಒಂದು ಸಾಲು ಬರೆಸಿರಿ: ಐದು ಮಕ್ಕಳಿಗೆ ಒಂದರಂತೆ ಪ್ರಯೋಗದ ಪೆಟ್ಟಿಗೆ. ಅಯಸ್ಕಾಂತ, ಮಸೂರ, ಸೆಲ್, ತಂತಿ, ಬಲ್ಬು, ತಾಪಮಾಪಕ, ಸಿರಿಂಜು, ಅಳತೆಯ ಪಾತ್ರೆ, ತಕ್ಕಡಿ ಇಷ್ಟಿದ್ದರೆ ಆರಂಭಕ್ಕೆ ಸಾಕು. ಒಡೆದುಹೋದರೆ ಯಾರೂ ದಂಡ ಕೊಡಬೇಕಾಗಿಲ್ಲ ಎಂಬ ಒಂದು ನಿರ್ಣಯವನ್ನೂ ಮಾಡಿರಿ. ಅರ್ಧ ಬೀಗ ಅದರಿಂದಲೇ ತೆರೆಯುತ್ತದೆ.

ಶಾಲೆಗೆ ಬಂದಾಗ ಮಗುವಿಗೆ ಎಷ್ಟು ಮಾರ್ಕು ಎಂದು ಕೇಳುವ ಮೊದಲು, ಈ ತಿಂಗಳು ನನ್ನ ಮಗು ತನ್ನ ಕೈಯಲ್ಲಿ ಯಾವ ಪ್ರಯೋಗ ಮಾಡಿತು ಎಂದು ಕೇಳಿರಿ. ಅಧ್ಯಾಪಕರನ್ನು ತಪ್ಪಿತಸ್ಥರನ್ನಾಗಿ ಮಾಡುವುದಕ್ಕಲ್ಲ, ನೀವು ಅದಕ್ಕೆ ಬೆಲೆ ಕೊಡುತ್ತೀರಿ ಎಂದು ಅವರಿಗೆ ತಿಳಿಯಲಿ ಎಂದು. ನಿಮ್ಮಲ್ಲಿ ಬಡಗಿ, ವಯರಿಂಗ್ ಕೆಲಸದವರು, ಬೈಕ್ ಮೆಕ್ಯಾನಿಕ್, ಅಡಿಕೆ ಕೃಷಿಕರು ಇದ್ದೀರಿ. ವರ್ಷಕ್ಕೆ ಒಂದು ಗಂಟೆ ತರಗತಿಗೆ ಬಂದು ನಿಮ್ಮ ಕೆಲಸವನ್ನು ತೋರಿಸಿರಿ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಕರಗಿಸುವಾಗ ಸುಣ್ಣ ಏಕೆ ಸೇರಿಸುತ್ತೀರಿ ಎಂಬುದು ಪುಸ್ತಕದ ರಸಾಯನಶಾಸ್ತ್ರಕ್ಕಿಂತ ಕಡಿಮೆಯಲ್ಲ.

ಕನ್ನಡ ಅರಿಯದವರನ್ನು ನಿಮ್ಮ ಮಗುವಿನ ವಿಜ್ಞಾನ ತರಗತಿಗೆ ನೇಮಿಸಿದರೆ ಅಥವಾ ಹುದ್ದೆ ಖಾಲಿ ಬಿಟ್ಟರೆ ಮನವಿ ಬರೆಯಿರಿ. "ಕನ್ನಡಕ್ಕೆ ಅನ್ಯಾಯವಾಗಿದೆ" ಎಂದು ಮಾತ್ರ ಬರೆದರೆ ಅದು ಕಡತಕ್ಕೆ ಸೇರುತ್ತದೆ. "ಜೂನ್‌ನಿಂದ ಡಿಸೆಂಬರ್ ವರೆಗೆ ಎಂಟನೆಯ ತರಗತಿಯಲ್ಲಿ ಇಷ್ಟು ಪ್ರಯೋಗ ಆಗಬೇಕಿತ್ತು, ಇಷ್ಟು ಆಗಿದೆ, ಕಾರಣ ಇದು" ಎಂದು ಲೆಕ್ಕ ಸಮೇತ ಬರೆದರೆ ಉತ್ತರ ಕೊಡಬೇಕಾಗುತ್ತದೆ. ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿರಿ. ಸಂವಿಧಾನದ 350-ಬಿ ವಿಧಿ ಆ ಹುದ್ದೆಯನ್ನು ಮಾಡಿರುವುದು ಇಂಥ ವಿಷಯ ಪರಿಶೀಲಿಸಿ ರಾಷ್ಟ್ರಪತಿಗಳಿಗೆ ವರದಿ ಕೊಡುವುದಕ್ಕಾಗಿಯೇ. ಆ ವರದಿ ಸಂಸತ್ತಿನ ಮುಂದೆ ಬರುತ್ತದೆ.

ನಮ್ಮ ಪಕ್ಕದ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ವಿಜ್ಞಾನ ಕನ್ನಡಕ್ಕೆ ಹೊಸತಲ್ಲ, ಕನ್ನಡಕ್ಕೆ ಅದು ಭಾರವೂ ಅಲ್ಲ.

ಬರುವ ಮೇ ತಿಂಗಳಲ್ಲಿ ನಿಮ್ಮಲ್ಲಿ ಯಾರಾದರೂ ಟಿ.ಸಿ. ಕೇಳಲು ಬರಬಹುದು. ಬರಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಮಗು ನಿಮ್ಮದು. ಬರುವ ಮೊದಲು ಒಂದು ಸಂಜೆ ಮಗುವಿನ ಜೊತೆ ಕುಳಿತು ತಟ್ಟೆಗೆ ನೀರು ಹಾಕಿ, ಬತ್ತಿ ಹೊತ್ತಿಸಿ, ಲೋಟ ಕವುಚಿರಿ. ಮಗು ಏನು ಕೇಳುತ್ತದೆ, ಯಾವ ಮಾತಿನಲ್ಲಿ ಕೇಳುತ್ತದೆ ಎಂದು ಗಮನಿಸಿರಿ. ಆಮೇಲೆ ನಿರ್ಧಾರ ಮಾಡಿರಿ.